ಎಚ್ಚೋ ಹೆಚ್ಚೋ, ಯಾವುದು ಹೆಚ್ಚು?

(ಅಕ್ಕನ ಮದುವೆ ಕಾರ್ಡಿನ ಪ್ರೂಫ್ ಹಾಕಿದ ಮೇಲೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಡೆದದ್ದು. ನಡುವೆ ಬಂದ ಸ್ಟಿಕರುಗಳನ್ನೂ ಒಂದು ಗೋಧಿಹಿಟ್ಟಿನ ಆಫರನ್ನೂ ತೆಗೆದಿದ್ದೇನೆ.)

ನಾನು: ಪ್ರೂಫ್ ಬಂದಿದೆ, ಪಿಡಿಎಫ್ ಹಾಕಿದ್ದೀನಿ. ಎಲ್ಲರೂ ನೋಡಿ. ನಾಳೆ ಬೆಳಿಗ್ಗೆ ಪ್ರೆಸ್‌ನವರು ಓಕೆ ಕೇಳ್ತಾರೆ.

ದೊಡ್ಡಪ್ಪ: ಒಳಗಡೆ ನಿಮ್ಮ ತಾತನ ಹೆಸರಿಗೆ "ಎಚ್." ಅಂತಿದೆ, ಕವರ್ ಮೇಲೆ "ಹೆಚ್." ಅಂತಿದೆ. ಕವರ್ ತಿದ್ದಿಸು. ಹೆಚ್ ಅನ್ನೋದು ಹಳ್ಳಿ ಇಂಗ್ಲಿಷು.

ಅತ್ತೆ: ಅಣ್ಣಯ್ಯ, ನಾವೆಲ್ಲ ಹುಟ್ಟಿದ್ದು ಹಳೇಬೀಡಲ್ಲಿ, ಲಂಡನ್ನಲ್ಲಲ್ಲ.

ಡಬ್ಲಿನ್ ಅಣ್ಣ: ಅಪ್ಪ, ಇಲ್ಲಿ ನಿಮ್ಮ ಮೊಮ್ಮಗಳು ಸ್ಕೂಲಿಂದ ಕಲಿತು ಬಂದಿರೋದೇ "ಹೇಚ್". ಐರ್ಲೆಂಡಲ್ಲಿ ಟೀಚರುಗಳೂ ಹಾಗೇ ಅನ್ನೋದು.

ದೊಡ್ಡಪ್ಪ: ಐರಿಷರದ್ದು ಬಿಡು. "ಆನ್ ಎಚ್‌ಎಂಟಿ ವಾಚ್" ಅಂತೀವಿ, "ಆನ್ ಎಂಎಲ್‌ಎ" ಅಂದ ಹಾಗೆ. ಹೆಸರು ಸ್ವರದಿಂದ ಶುರುವಾಗೋದಕ್ಕೇ ಆನ್ ಬಂದಿದ್ದು. ಎಷ್ಟು ಬ್ಯಾಚಿಗೆ ಇದನ್ನ ಪಾಠ ಮಾಡಿದೀನಿ!

ಡಬ್ಲಿನ್ ಅಣ್ಣ: ಹೇಚ್ ಅನ್ನೋರು "ಎ ಹೇಚ್‌ಎಂಟಿ" ಅಂತಾರೆ, ಮುಗೀತಲ್ಲ.

ಚಿಕ್ಕಪ್ಪ: (ಫಾರ್ವರ್ಡ್) ಇಂಗ್ಲಿಷಿನ ಎಚ್ ಹುಟ್ಟಿದ್ದು ನಮ್ಮ ಸಂಸ್ಕೃತದ ಹಕಾರದಿಂದ!! ಹೆಮ್ಮೆಯಿಂದ ಷೇರ್ ಮಾಡಿ!!

ನಾನು: ಚಿಕ್ಕಪ್ಪ, ಅದು ಸುಳ್ಳು, ದಯವಿಟ್ಟು ಬೇರೆ ಗುಂಪಿಗೆ ಕಳಿಸಬೇಡಿ. ಅದರ ಮೂಲ ಫಿನೀಷಿಯದವರ "ಹೇತ್". ಈಗಿನ ಲೆಬನಾನ್ ಕರಾವಳಿಯವರು ಅವರು. ಎರಡು ಗೂಟಕ್ಕೆ ಅಡ್ಡಪಟ್ಟಿ ಬಡಿದ ಬೇಲಿ ಥರ ಇತ್ತು ಆ ಅಕ್ಷರ. ಅದನ್ನ ಗ್ರೀಕರು ತಗೊಂಡರು. ಆದರೆ ಅಯೋನಿಯಾ (ಈಗಿನ ಟರ್ಕಿಯ ಪಶ್ಚಿಮ ಕರಾವಳಿ) ಕಡೆ ಗ್ರೀಕರ ಬಾಯಲ್ಲಿ ಹಕಾರವೇ ಉದುರಿಹೋಗಿತ್ತು. ಅಕ್ಷರ ಸುಮ್ಮನೆ ಬಿದ್ದಿತ್ತಲ್ಲ, ದೀರ್ಘ ಏಕಾರಕ್ಕೆ ಹಚ್ಚಿಕೊಂಡರು. ಗಣಿತದಲ್ಲಿ ಬರೋ ಈಟಾ ಅದೇ. ಕ್ರಿ.ಪೂ. 403ರ ಹೊತ್ತಿಗೆ ಅಥೆನ್ಸ್ ಕೂಡ ಸರ್ಕಾರಿ ಬರಹಕ್ಕೆ ಅಯೋನಿಯಾದ ಅಕ್ಷರಮಾಲೆಯನ್ನೇ ಒಪ್ಪಿಕೊಂಡಿತು. ಪಶ್ಚಿಮದ ಗ್ರೀಕರು ಮಾತ್ರ ಅದನ್ನ ಹಕಾರವಾಗೇ ಉಳಿಸಿಕೊಂಡಿದ್ದರು. ಅವರಿಂದ ಇಟಲಿಯ ಎಟ್ರುಸ್ಕನ್ನರು ಕಲಿತರು, ಅವರಿಂದ ರೋಮನ್ನರು. ರೋಮನ್ನರು ಇದನ್ನ ಕರೀತಿದ್ದದ್ದು "ಹಾ" ಅಂತ.

ನಾನು: ಕಾಲ ಕಳೆದ ಹಾಗೆ ಲ್ಯಾಟಿನ್ ಆಡುವವರೂ ಹಕಾರ ನುಂಗಿದರು. "ಹಾ"ದಲ್ಲಿ ಹ ಹೋದರೆ ಬರೀ "ಆ", ಅದು ಮೊದಲನೇ ಅಕ್ಷರದ ಹೆಸರು. ಬಹುಶಃ ಅದಕ್ಕೇ ನಡುವೆ ಗಟ್ಟಿಯಾಗಿ ಒತ್ತಿ "ಅಹ್ಹ", "ಅಕ್ಕ" ಅಂತ ಹೇಳೋಕೆ ಶುರು ಮಾಡಿದರು. ಇಟಲಿಯವರು ಇವತ್ತಿಗೂ ಎಚ್ ಅಕ್ಷರವನ್ನ "ಅಕ್ಕ" ಅಂತಾರೆ, ತಮಾಷೆ ಅಲ್ಲ. ಹಳೇ ಫ್ರೆಂಚಲ್ಲಿ ಅದು "ಆಚ್" ಆಯ್ತು, ಫ್ರೆಂಚ್ ಆಡುತ್ತಿದ್ದ ನಾರ್ಮನ್ನರು 1066ರಲ್ಲಿ ಇಂಗ್ಲೆಂಡ್ ಗೆದ್ದ ಮೇಲೆ ಅಲ್ಲಿಗೂ ಬಂತು, ಕೊನೆಗೆ "ಏಚ್". ದೊಡ್ಡಪ್ಪ, ನೀವು ಶುದ್ಧ ಅಂತಿರೋದು ಹ ಕಳಕೊಂಡವರು ಇಟ್ಟ ಹೆಸರು.

ಅಕ್ಕ: ಇಟಲಿಗೆ ಹೋದರೆ ನಾನೇ ಎಚ್ಚಾ

ದೊಡ್ಡಪ್ಪ: ಮೂಲ ಎಲ್ಲಾದರೂ ಇರಲಿ, ಡಿಕ್ಷನರಿಯಲ್ಲಿ ಇರೋದು ಏಚ್. ಇಲ್ಲದ ಕಡೆ ಹ ತುರುಕೋರನ್ನ ಕಂಡು ರೋಮಿನವರೇ ನಗ್ತಿದ್ದರು. ಕ್ರಿಸ್ತಪೂರ್ವದ ಕವಿ ಕತುಲ್ಲಸ್, ಆರ್ರಿಯಸ್ ಅನ್ನೋನ ಮೇಲೆ ಒಂದು ಪದ್ಯಾನೇ ಬರೆದ. "ಇನ್ಸಿಡಿಯಾಸ್" ಅನ್ನೋ ಕಡೆ "ಹಿನ್ಸಿಡಿಯಾಸ್" ಅಂತಿದ್ದನಂತೆ ಆ ಮಹಾಶಯ. ಅವನು ಆ ಕಡೆ ಪ್ರಯಾಣ ಹೋದ ಮೇಲೆ ಅಯೋನಿಯನ್ ಸಮುದ್ರಾನೂ ಹಯೋನಿಯನ್ ಆಗಿಹೋಯ್ತಂತೆ!

ಅತ್ತೆ: ಅಯ್ಯೋ, ನಮ್ಮೆಜಮಾನ್ರ ಪೈಕಿ. "ಹಾನೆಗೆ ಆಲು ಆಕು" ಅಂತಾರೆ.

ಡಬ್ಲಿನ್ ಅಣ್ಣ: ಅತ್ತೆ, ಇಲ್ಲಿ ಅದು ನಗೋ ವಿಷಯ ಆಗಿರಲಿಲ್ಲ. ಉತ್ತರ ಐರ್ಲೆಂಡಲ್ಲಿ ಸಾಮಾನ್ಯವಾಗಿ ಕ್ಯಾಥೊಲಿಕರು ಹೇಚ್, ಪ್ರಾಟೆಸ್ಟೆಂಟರು ಏಚ್. ಎರಡೂ ಪಂಗಡದವರು ಹೊಡೆದಾಡ್ತಿದ್ದ ಕಾಲದಲ್ಲಿ ಈ ಒಂದು ಅಕ್ಷರ ಕೇಳಿಯೇ ಯಾವ ಕಡೆಯವನು ಅಂತ ಗುರುತು ಹಿಡೀತಿದ್ದರು. ಆಮೇಲೆ ಅಪ್ಪ, ಇಂಗ್ಲೆಂಡಲ್ಲೇ 1982ರ ನಂತರ ಹುಟ್ಟಿದವರಲ್ಲಿ ಶೇ. 24 ಮಂದಿ ಹೇಚ್ ಅಂತಾರೆ. ಉಚ್ಚಾರಣೆ ಡಿಕ್ಷನರಿ ಮಾಡಿದ ಜಾನ್ ವೆಲ್ಸ್ ಅವರದೇ ಸಮೀಕ್ಷೆ. ಡಿಕ್ಷನರಿ ಅಂದಿರಲ್ಲ, ಅದಕ್ಕೆ ಹೇಳಿದೆ.

ದೊಡ್ಡಪ್ಪ: ಉಳಿದ 76?

ಚಿಕ್ಕಮ್ಮ: ಕನ್ನಡ ಕಾರ್ಡಿಗೆ ಇಂಗ್ಲಿಷ್ ಅಕ್ಷರ ಯಾಕೆ ಅಂತ ನನ್ನ ಪ್ರಶ್ನೆ. ಹಾ.ಮಾ. ನಾಯಕರನ್ನ ಎಚ್.ಎಂ. ಅಂದವರುಂಟಾ? ದ.ರಾ. ಬೇಂದ್ರೆ ಡಿ.ಆರ್. ಆದರಾ? ಮಾವನವರ ಎಚ್ ಅಂದರೆ ಹಳೇಬೀಡು. "ಹ." ಅಂತ ಹಾಕಿಸಿ.

ನಾನು: ನನಗೂ ಅದೇ ಸರಿ ಅನ್ನಿಸುತ್ತೆ.

ದೊಡ್ಡಪ್ಪ: "ಹ." ಅಂದರೆ ಬೀಗರಿಗೆ ಯಾರು ಅಂತ ಗೊತ್ತಾಗತ್ತೆ? ಸ್ಕೂಲ್ ಸರ್ಟಿಫಿಕೇಟಿಂದ ಪೆನ್ಷನ್ ಬುಕ್ಕಿನ ತನಕ ಅಪ್ಪ ಎಚ್ ಆಗೇ ಇದ್ದದ್ದು.

ಅತ್ತೆ: ಅಪ್ಪ ಕನ್ನಡದಲ್ಲಿ ರುಜು ಹಾಕ್ತಾ ಏನು ಬರೀತಿದ್ದರು? ಯಾರ ಹತ್ತಿರಾನಾದ್ರೂ ಇದೆಯಾ?

ಚಿಕ್ಕಪ್ಪ: (ಫೋಟೊ) ಹಾಲಿನ ಸೊಸೈಟಿ ಪುಸ್ತಕ. "ಹೆಚ್."

ದೊಡ್ಡಪ್ಪ: ಅದು ಗುಮಾಸ್ತ ಬರೆದದ್ದು.

ಚಿಕ್ಕಪ್ಪ: ಕೆಳಗೆ ರುಜು ಇದೆ ಅಣ್ಣಯ್ಯ, ಜೂಮ್ ಮಾಡು.

ಡಬ್ಲಿನ್ ಅಣ್ಣ: ತಾತನದೇ ಕೈಬರಹ. ಹ ಎಷ್ಟು ದುಂಡಗಿದೆ ನೋಡಿ!

ದೊಡ್ಡಪ್ಪ: ಸರಿ. ಅಪ್ಪನ ಹೆಸರಿಗೆ ಎರಡೂ ಕಡೆ ಹೆಚ್ ಹಾಕಿಸು. ಆಹ್ವಾನಿಸುವವರ ಪಟ್ಟಿಯಲ್ಲಿ ನನ್ನ ಹೆಸರಿಗೆ ಎಚ್ ಇರಲಿ.

ನಾನು: ಒಂದೇ ಕಾರ್ಡಲ್ಲಿ ಅಪ್ಪ ಹೆಚ್, ಮಗ ಎಚ್?

ದೊಡ್ಡಪ್ಪ: ಹೌದು.

ಚಿಕ್ಕಮ್ಮ: ಹಾಗಾದ್ರೆ ನಮ್ಮೆಜಮಾನ್ರದ್ದು "ಹ." ಮಾಡಿಸಪ್ಪ.