ಸಣ್ಣ ಕ್ಯಾಮೆರಾದಲ್ಲಿ ಹಿನ್ನೆಲೆ ಮಸುಕು ಮಾಡೋದು ಹೇಗೆ? ತಿಳಿದವರು ಹೇಳಿ

ಕೇಳಿದವರು, ಮಂಡ್ಯ:
ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಜೇಬಿನಲ್ಲಿ ಇಟ್ಟುಕೊಳ್ಳುವಂಥ ಡಿಜಿಟಲ್ ಕ್ಯಾಮೆರಾ ಇದೆ. ಲೆನ್ಸ್ ಸುತ್ತ 4.5–22.5 ಎಂಎಂ, 1:2.8–6.5 ಅಂತ ಬರೆದಿದೆ. ಸೆನ್ಸರ್, ಅಂದರೆ ಒಳಗೆ ಚಿತ್ರ ಹಿಡಿಯುವ ಚಿಪ್, 1/2.3 ಇಂಚು. ಮಗಳ ಫೋಟೊ ತೆಗೆದರೆ ಅವಳ ಮುಖದಷ್ಟೇ ಸ್ಪಷ್ಟವಾಗಿ ಹಿಂದಿನ ಕಾಂಪೌಂಡು, ಬಟ್ಟೆ ಒಣಹಾಕಿದ ಹಗ್ಗ, ಸ್ಕೂಟರು ಎಲ್ಲಾ ಕಾಣುತ್ತೆ. ಅಂಗಳದ ದಾಸವಾಳ ತೆಗೆದರೂ ಹಾಗೇ. ಎಫ್ ನಂಬರ್ (ಲೆನ್ಸ್ ಮೇಲಿನ ಆ 2.8–6.5) ಕಡಿಮೆ ಇದ್ದರೆ ಮಸುಕು ಬರುತ್ತೆ ಅಂತ ಓದಿ, ಜೂಮ್ ಮಾಡದೆ 2.8ರಲ್ಲೇ ತೆಗೆದೆ. ಏನೂ ವ್ಯತ್ಯಾಸ ಇಲ್ಲ. ಹೊಸ ಕ್ಯಾಮೆರಾ ಕೊಳ್ಳದೆ ದಾರಿ ಇದೆಯಾ?

ಸರಸ್ವತಿಪುರಂ, ಮೈಸೂರು:
ದಾರಿ ಇದೆ ಸಾರ್. ಮೊದಲು 2.8ರಲ್ಲಿ ಯಾಕೆ ಬರಲಿಲ್ಲ ನೋಡೋಣ, ಉಳಿದದ್ದೆಲ್ಲ ಅಲ್ಲಿಂದಲೇ ಅರ್ಥವಾಗುತ್ತೆ. ಮಸುಕು ಎಷ್ಟು ಅನ್ನೋದನ್ನ ತೀರ್ಮಾನಿಸೋದು ಲೆನ್ಸಿನ ಕಿಂಡಿಯ ನಿಜವಾದ ಅಗಲ. ಎಂಎಂ ಸಂಖ್ಯೆಯನ್ನ ಎಫ್ ನಂಬರಿನಿಂದ ಭಾಗಿಸಿದರೆ ಅದು ಸಿಗುತ್ತೆ. ಜೂಮ್ ಮಾಡದೆ ಇದ್ದಾಗ 4.5 ಭಾಗಿಸು 2.8, ಅಂದರೆ 1.6 ಎಂಎಂ. ಪೂರ್ತಿ ಜೂಮ್‌ನಲ್ಲಿ 22.5 ಭಾಗಿಸು 6.5, ಸುಮಾರು 3.5 ಎಂಎಂ. ಎಫ್ ನಂಬರ್ ಹೆಚ್ಚಾದರೂ ಕಿಂಡಿ ಎರಡು ಪಟ್ಟು ಅಗಲವಾಯಿತು. ದೊಡ್ಡ ಕ್ಯಾಮೆರಾಗಳ 50 ಎಂಎಂ 1.8 ಲೆನ್ಸಿನಲ್ಲಿ ಈ ಕಿಂಡಿ ಸುಮಾರು 28 ಎಂಎಂ. ಆ ಮಟ್ಟದ ಮಸುಕು ನಿಮ್ಮದರಲ್ಲಿ ಬರೋದಿಲ್ಲ, ಅದನ್ನ ಈಗಲೇ ಹೇಳಿಬಿಡುತ್ತೀನಿ.

ಇನ್ನೊಂದು ಲೆಕ್ಕ ಇದಕ್ಕಿಂತ ಉಪಯೋಗದ್ದು. ತುಂಬಾ ದೂರದ ಒಂದು ಬೆಳಕಿನ ಚುಕ್ಕಿ, ನೀವು ಫೋಕಸ್ ಮಾಡಿದ ವಸ್ತುವಿನ ಪಕ್ಕದಲ್ಲಿ ಕಿಂಡಿಯಷ್ಟೇ ಅಗಲದ ಬಿಲ್ಲೆಯಾಗಿ ಹರಡಿಕೊಂಡು ಕಾಣುತ್ತೆ. ಮಗುವಿನ ತಲೆ–ಭುಜ ತೆಗೆಯುವಾಗ ಚೌಕಟ್ಟಿನಲ್ಲಿ ಅರ್ಧ ಮೀಟರ್ ಅಗಲ ಹಿಡಿಯುತ್ತೆ ಅಂದುಕೊಳ್ಳಿ. 500 ಎಂಎಂನಲ್ಲಿ 3.5 ಎಂಎಂ. ಚಿತ್ರವನ್ನ ಉದ್ದಕ್ಕೆ 1000 ಭಾಗ ಮಾಡಿದರೆ ಬರೀ 7 ಭಾಗ. ಕಣ್ಣಿಗೆ ಗೊತ್ತಾಗೋದು ಕಷ್ಟ. ಮುಖ ಮಾತ್ರ, 25 ಸೆಂ.ಮೀ. ಅಗಲ ಹಿಡಿದರೆ 14 ಭಾಗ. 12 ಸೆಂ.ಮೀ. ಅಗಲದಲ್ಲಿ ಒಂದು ದಾಸವಾಳ ತುಂಬಿಸಿದರೆ 29 ಭಾಗ, ಅದು ಚೆನ್ನಾಗಿಯೇ ಕಾಣುತ್ತೆ. ಹಾಗಾಗಿ ಪೂರ್ತಿ ಜೂಮ್ ಮಾಡಿ, ಚೌಕಟ್ಟು ತುಂಬುವಷ್ಟು ಹತ್ತಿರ ಹೋಗಿ. ಎರಡೂ ಒಟ್ಟಿಗೆ ಆಗಬೇಕು, ಒಂದನ್ನೇ ಮಾಡಿದರೆ ಸಾಲದು. ಡಿಜಿಟಲ್ ಜೂಮ್ ಮೆನುವಿನಲ್ಲಿ ಆಫ್ ಮಾಡಿಬಿಡಿ. ಅದು ಚಿತ್ರ ಕತ್ತರಿಸಿ ಹಿಗ್ಗಿಸುತ್ತೆ ಅಷ್ಟೆ, ಕಿಂಡಿ ಅಗಲ ಆಗೋದಿಲ್ಲ.

ಮಂಡ್ಯ, ಹೊಸಹಳ್ಳಿ ಕಡೆಯಿಂದ:
ಮೇಲೆ ಹೇಳಿದ ಲೆಕ್ಕ ಹಿನ್ನೆಲೆ ತುಂಬಾ ದೂರ ಇದ್ದಾಗಿನದು. ನಿಮ್ಮ ತೊಂದರೆಯ ಅರ್ಧ ಭಾಗ ಕಾಂಪೌಂಡಿನಲ್ಲೇ ಇದೆ. ನಿಮ್ಮ ಕ್ಯಾಮೆರಾದಲ್ಲಿ ಪೂರ್ತಿ ಜೂಮ್ ಹಾಕಿ ತಲೆ–ಭುಜ ಹಿಡಿಯೋಕೆ ಸುಮಾರು 1.8 ಮೀಟರ್, ಅಂದರೆ 6 ಅಡಿ ದೂರ ಬೇಕು. ಮಗು ಗೋಡೆಯಿಂದ ಒಂದಡಿ ಮುಂದೆ ನಿಂತಿದ್ದರೆ ಮಸುಕಿನ ಬಿಲ್ಲೆ ಅರ್ಧ ಎಂಎಂಗೆ ಇಳಿಯುತ್ತೆ, ಅಂದರೆ ಗೋಡೆಯ ಸುಣ್ಣದ ಬಿರುಕೂ ಕಾಣುತ್ತೆ. ಹಿನ್ನೆಲೆ 10 ಮೀಟರ್ ಹಿಂದೆ ಹೋದರೆ ಸುಮಾರು 3 ಎಂಎಂ ಸಿಗುತ್ತೆ. ಅಲ್ಲಿಂದ 100 ಮೀಟರ್‌ಗೆ ಹೋದರೂ ಹೆಚ್ಚೇನೂ ಏರೋದಿಲ್ಲ. ಮೊದಲ 10 ಮೀಟರೇ ಮುಖ್ಯ.

ಅದಕ್ಕೇ ನಿಲ್ಲಿಸುವ ಜಾಗ ಬದಲಿಸಿ ಅಂತೀನಿ. ವಿ.ಸಿ. ನಾಲೆಯ ಏರಿ, ಕುಕ್ಕರಹಳ್ಳಿ ಕೆರೆಯ ಏರಿ ಇಂಥ ಕಡೆ ಮನುಷ್ಯನ ಹಿಂದೆ ನೆಲ ಕೆಳಕ್ಕೆ ಇಳಿದುಹೋಗುತ್ತೆ. ನೀವು ಸ್ವಲ್ಪ ಕುಕ್ಕರಗಾಲಲ್ಲಿ ಕೂತು ಮಗುವಿನ ಎದೆ ಮಟ್ಟದಿಂದ ತೆಗೆದರೆ ಹತ್ತಿರದ ನೆಲ ಚಿತ್ರದಿಂದ ಆಚೆ ಹೋಗಿ ದೂರದ ಗದ್ದೆ ಅಥವಾ ಆಚೆ ದಡ ಮಾತ್ರ ಉಳಿಯುತ್ತೆ. ದೇವರಾಜ ಮಾರುಕಟ್ಟೆಯಲ್ಲಾದರೆ ಅಂಗಡಿ ಸಾಲಿಗೆ ಅಡ್ಡಲಾಗಿ ನಿಲ್ಲಬೇಡಿ. ಓಣಿಯ ಉದ್ದಕ್ಕೆ ನೋಡುವ ಹಾಗೆ ನಿಲ್ಲಿ, ಹಿಂದೆ ತಾನಾಗಿಯೇ ದೂರ ಸಿಗುತ್ತೆ.

ಯಾವ ಹಿನ್ನೆಲೆ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಕಬ್ಬಿನ ಗದ್ದೆ ಕಣ್ಣಿಗೆ ಚೆಂದ, ಆದರೆ ಗರಿಗಳ ನಡುವೆ ಆಕಾಶ ಇಣುಕುತ್ತಲ್ಲ, ಆ ಬಿಳಿ–ಕಪ್ಪು ಗೆರೆಗಳು ಕಮ್ಮಿ ಮಸುಕಿನಲ್ಲಿ ಕಿರಿಕಿರಿ ಮಾಡುತ್ತವೆ. ಭತ್ತದ ಗದ್ದೆ, ರಾಗಿ ಹೊಲ, ನೆರಳಲ್ಲಿರುವ ತೋಪು ಸಮನಾದ ಬಣ್ಣದವು. ಅವು 7 ಭಾಗದ ಮಸುಕಿನಲ್ಲೂ ನುಣ್ಣಗೆ ಕಾಣುತ್ತವೆ. ಮಗು ಬಿಸಿಲಂಚಿನಲ್ಲಿ, ಹಿನ್ನೆಲೆ ನೆರಳಲ್ಲಿ ಇದ್ದರೆ ಮಸುಕು ಕಡಿಮೆ ಇದ್ದರೂ ಆಳು ಬೇರ್ಪಟ್ಟು ಕಾಣುತ್ತೆ. ನನ್ನ ಪ್ರಕಾರ ಸಣ್ಣ ಕ್ಯಾಮೆರಾದವರಿಗೆ ಇದೇ ಎಲ್ಲಕ್ಕಿಂತ ದೊಡ್ಡ ಉಪಾಯ.

ಕುವೆಂಪುನಗರ:
ಫೋಕಸ್ ಬಗ್ಗೆ ಯಾರೂ ಹೇಳಿಲ್ಲ. ಕೊಂಡಾಗಿನ ಸೆಟ್ಟಿಂಗಿನಲ್ಲಿ ಕ್ಯಾಮೆರಾ ಒಂಬತ್ತು ಚೌಕಗಳಲ್ಲಿ ತನಗೆ ಬೇಕಾದ್ದನ್ನ ಹಿಡಿಯುತ್ತೆ, ಕೆಲವೊಮ್ಮೆ ಗೆರೆ ಎದ್ದು ಕಾಣುವ ಹಿನ್ನೆಲೆಯನ್ನೇ. ಎಎಫ್ (ಆಟೊ ಫೋಕಸ್) ಮೋಡನ್ನ ‘ಸೆಂಟರ್’ಗೆ ಹಾಕಿ. ನಡುವಿನ ಚೌಕವನ್ನ ಹತ್ತಿರದ ಕಣ್ಣಿನ ಮೇಲೆ ಇಟ್ಟು ಬಟನ್ ಅರ್ಧ ಒತ್ತಿ. ಹಸಿರು ಬಂದು ಬೀಪ್ ಆದ ಮೇಲೆ, ಒತ್ತಿದ ಬೆರಳು ಎತ್ತದೆ ಚೌಕಟ್ಟು ಸರಿಪಡಿಸಿಕೊಂಡು ಪೂರ್ತಿ ಒತ್ತಿ.

ಹೂವಿನಲ್ಲಿ ಅಥವಾ ತೆಳುವಾದ ಕಡ್ಡಿಯಲ್ಲಿ ಅದು ಹಠ ಹಿಡಿದು ಹಿಂದಕ್ಕೇ ಹೋಗುತ್ತಿದ್ದರೆ, ಹೂವು ಇರುವಷ್ಟೇ ದೂರದಲ್ಲಿ ನಿಮ್ಮ ಅಂಗೈ ಹಿಡಿದು ಅರ್ಧ ಒತ್ತಿ, ಕೈ ತೆಗೆದು ತೆಗೆಯಿರಿ.

ಡಯಲಿನಲ್ಲಿ ಎಫ್ ನಂಬರನ್ನ ನಾವೇ ಆರಿಸುವ ‘ಎ’ ಅಥವಾ ‘ಎವಿ’ ಇದ್ದರೆ ಅಲ್ಲಿಟ್ಟು ಅತಿ ಸಣ್ಣ ಎಫ್ ನಂಬರ್ ಆರಿಸಿ. ಇಲ್ಲದಿದ್ದರೆ ‘ಪಿ’ ಸಾಕು, ಜೂಮ್ ಹಾಕಿದಾಗ ಇಂಥ ಕ್ಯಾಮೆರಾಗಳು ಸಾಮಾನ್ಯವಾಗಿ ಪೂರ್ತಿ ತೆರೆದೇ ಇರುತ್ತವೆ. ಕೆಲವು ಅಗ್ಗದ ಮಾದರಿಗಳಲ್ಲಿ ಕಿಂಡಿ ಸಣ್ಣದಾಗೋದೇ ಇಲ್ಲ, ಬೆಳಕು ತಗ್ಗಿಸುವ ಕಪ್ಪು ಗಾಜು ಮಾತ್ರ ಒಳಗೆ ಬರುತ್ತೆ. ಅಂಥದರಲ್ಲಿ ಪರದೆ ಮೇಲೆ ಎಫ್ ನಂಬರ್ ಎಷ್ಟು ತೋರಿಸಿದರೂ ಮಸುಕು ಒಂದೇ.

ಪೂರ್ತಿ ಜೂಮ್‌ನಲ್ಲಿ ಬೆಳಕು ಕಡಿಮೆ ಬೀಳುತ್ತೆ. ಮರದ ಹೊರ ನೆರಳಲ್ಲಿ, ಐಎಸ್‌ಒ 200ರಲ್ಲಿ (ಬೆಳಕಿಗೆ ಸೆನ್ಸರ್ ಎಷ್ಟು ಸೂಕ್ಷ್ಮ ಅನ್ನೋ ಸಂಖ್ಯೆ) ಶಟರ್ 1/125 ಸೆಕೆಂಡಿಗಿಂತ ಚುರುಕಾಗಿಯೇ ಸಿಗುತ್ತೆ. ಮನೆಯ ಪಡಸಾಲೆಗೆ ಬಂದರೆ ಅದೇ ಶಟರಿಗೆ ಐಎಸ್‌ಒ 800 ಅಥವಾ ಮೇಲೆ ಬೇಕು. ಆಗ ಸಣ್ಣ ಸೆನ್ಸರಿನ ಚಿತ್ರ ಕಾಳುಕಾಳಾಗೋದನ್ನ ಒರೆಸಲು ಹೋಗಿ ಕ್ಯಾಮೆರಾ ಕೂದಲು, ಹುಬ್ಬು ಎಲ್ಲವನ್ನೂ ಮೇಣದ ಹಾಗೆ ಮಾಡಿಬಿಡುತ್ತೆ. ಮಸುಕಾಗಬೇಕಿದ್ದದ್ದು ಹಿನ್ನೆಲೆ, ಆಗಿದ್ದು ಮುಖ. ಆದ್ದರಿಂದ ಮಗುವಿನ ಫೋಟೊ ಹೊರಗೇ ತೆಗೆಯಿರಿ, ಬೆಳಿಗ್ಗೆ ಅಥವಾ ಸಂಜೆ.

ವಿಜಯನಗರ, ಮೈಸೂರು:
ಡಯಲಿನಲ್ಲಿ ಮುಖದ ಚಿತ್ರ ಇರುವ ಪೋರ್ಟ್ರೇಟ್ ಮೋಡ್ ಹಾಕಿದರೆ ಇಷ್ಟೆಲ್ಲ ಬೇಡ ಅಲ್ಲವಾ?

ಕುವೆಂಪುನಗರ:
ಫೋನಿನ ಪೋರ್ಟ್ರೇಟ್ ಮೋಡ್ ಬೇರೆ, ಈ ಕ್ಯಾಮೆರಾಗಳದ್ದು ಬೇರೆ ಮೇಡಂ. ಇವು ಚರ್ಮದ ಬಣ್ಣ ತಿದ್ದಿ, ಮುಖ ಹುಡುಕಿ, ಕಿಂಡಿ ತೆರೆದಿಡುತ್ತವೆ ಅಷ್ಟೆ. ಫೋನು ಲೆಕ್ಕ ಹಾಕಿ ಮಸುಕನ್ನ ಬರೆಯುತ್ತೆ. ಫೋನ್ ಇದ್ದರೆ ಧಾರಾಳವಾಗಿ ಬಳಸಿ, ಆದರೆ ಜಡೆಯ ಅಂಚಿನಲ್ಲಿ, ಮುಡಿದ ಮಲ್ಲಿಗೆಯಲ್ಲಿ, ಜುಮಕಿಯ ಸಂದಿನಲ್ಲಿ ದೊಡ್ಡದು ಮಾಡಿ ನೋಡಿ. ಜುಮಕಿಯ ತೂತಿನೊಳಗೆ ಹಿನ್ನೆಲೆ ಸ್ಪಷ್ಟವಾಗಿ ಉಳಿದಿರುತ್ತೆ, ಮಲ್ಲಿಗೆಯ ಹೊರ ಎಸಳು ಕರಗಿರುತ್ತೆ.

ಶ್ರೀರಂಗಪಟ್ಟಣ:
ಇದೇ ಪ್ರಶ್ನೆ ಇರುವ, ಆದರೆ 30 ಪಟ್ಟು ಜೂಮ್ ಕ್ಯಾಮೆರಾ ಇರುವವರಿಗೆ ಒಂದು ಮಾತು. ಅವುಗಳಲ್ಲಿ ಕೊನೆಯ ಜೂಮ್ 120–130 ಎಂಎಂ, ಎಫ್ 6.4ರ ಆಸುಪಾಸು. ಕಿಂಡಿ ಸುಮಾರು 20 ಎಂಎಂ! ಆದರೆ ತಲೆ–ಭುಜಕ್ಕೆ ನೀವು 10 ಮೀಟರ್ ಹಿಂದೆ ಹೋಗಬೇಕು, ಹಿನ್ನೆಲೆಯೂ ಅದಕ್ಕೆ ತಕ್ಕ ಹಾಗೆ 30 ಮೀಟರ್ ಆಚೆ ಇರಬೇಕು. ಮೈದಾನವೇ ಬೇಕಾಗುತ್ತೆ. ರಂಗನತಿಟ್ಟಿನ ದೋಣಿಯಲ್ಲಿ, ಕೊಕ್ಕರೆ ಬೆಳ್ಳೂರಿನಲ್ಲಿ ಇದು ತುಂಬಾ ಕೆಲಸಕ್ಕೆ ಬರುತ್ತೆ. ತುತ್ತತುದಿಯ ಕೊಂಬೆಯ ಹಕ್ಕಿ ಬಿಡಿ, ಅದರ ಹಿಂದೆ ಬರೀ ಬಿಳಿ ಆಕಾಶ. ಕೆಳಗಿನ ಕೊಂಬೆಯಲ್ಲಿ ಕೂತು ಹಿಂದೆ ದೂರದ ಮರಗಳ ಹಸಿರು ಇರುವ ಬಣ್ಣದ ಕೊಕ್ಕರೆ ಆರಿಸಿಕೊಳ್ಳಿ. ದೋಣಿ ಅಲುಗಾಡುತ್ತೆ, ಶಟರ್ 1/500ಕ್ಕಿಂತ ನಿಧಾನ ಬೇಡ.

ಚಾಮುಂಡಿಪುರಂ:
ಅರಮನೆ ದೀಪಗಳನ್ನ ಬಿಲ್ಲೆಬಿಲ್ಲೆಯಾಗಿ ಮಾಡೋದು ಸಣ್ಣ ಕ್ಯಾಮೆರಾಗೂ ಸಾಧ್ಯ. ಭಾನುವಾರ ಸಂಜೆ ದೀಪ ಹಾಕಿದಾಗ ಆಳನ್ನ ಹತ್ತಿರ ನಿಲ್ಲಿಸಿ, ಮುಖ ಮಾತ್ರ ಚೌಕಟ್ಟಿಗೆ ಬರಲಿ, ಅರಮನೆ ನೂರು ಮೀಟರ್ ಹಿಂದಿರಲಿ. ಪೂರ್ತಿ ಜೂಮ್, ‘ನೈಟ್ ಪೋರ್ಟ್ರೇಟ್’. ಫ್ಲ್ಯಾಶ್ ಮುಖಕ್ಕೆ ಬಿದ್ದು ಶಟರ್ ತೆರೆದೇ ಇದ್ದು ದೀಪಗಳನ್ನ ತುಂಬಿಕೊಳ್ಳುತ್ತೆ. ಫ್ಲ್ಯಾಶ್ ಹೊಡೆದ ತಕ್ಷಣ ಆಳು ಅಲುಗಾಡಿದರೆ ಮುಖದ ಅಂಚಿನಲ್ಲಿ ನೆರಳು ಬರುತ್ತೆ, ಎರಡು ಎಣಿಸುವವರೆಗೂ ಹಾಗೇ ಇರಲು ಹೇಳಿ.

ಕೇಳಿದವರು, ಮಂಡ್ಯ:
ತುಂಬಾ ಧನ್ಯವಾದ. ನಾಲೆ ಏರಿಗೆ ಭಾನುವಾರ ಹೋಗ್ತೀವಿ. ದಾಸವಾಳಕ್ಕೆ ಮಾತ್ರ ಒಂದು ತೊಡಕು. ಪೂರ್ತಿ ಜೂಮ್ ಹಾಕಿ ಹತ್ತಿರ ಹೋದರೆ ಫೋಕಸ್ ಆಗಲ್ಲ, ಒಂದು ಮೀಟರ್ ದೂರಕ್ಕೆ ಬಂದರಷ್ಟೇ ಹಸಿರು ಬರುತ್ತೆ. ಹತ್ತಿರದ್ದನ್ನ ತೆಗೆಯೋಕಿರುವ ಮ್ಯಾಕ್ರೊ ಬಟನ್ ಒತ್ತಿದರೂ ಅಷ್ಟೆ.

ಸರಸ್ವತಿಪುರಂ, ಮೈಸೂರು:
ಮ್ಯಾಕ್ರೊ ಬಹಳಷ್ಟು ಸಣ್ಣ ಕ್ಯಾಮೆರಾಗಳಲ್ಲಿ ಜೂಮ್ ಇಲ್ಲದ ಕಡೆ ಮಾತ್ರ ಕೆಲಸ ಮಾಡುತ್ತೆ. ಅಲ್ಲಿ 5 ಸೆಂ.ಮೀ. ಹತ್ತಿರ ಹೋದರೆ ಮಸುಕೂ ಬರುತ್ತೆ, ಆದರೆ ಕ್ಯಾಮೆರಾದ ನೆರಳೇ ಹೂವಿನ ಮೇಲೆ ಬಿದ್ದು, ಹಿಂದೆ ಅರ್ಧ ಅಂಗಳ ತುಂಬಿಕೊಳ್ಳುತ್ತೆ.

ನಿಮಗೆ ಬೇಕಾದ್ದು ಕ್ಲೋಸ್ ಅಪ್ ಫಿಲ್ಟರ್, ಅಂದರೆ ಲೆನ್ಸ್ ಮುಂದೆ ಹಿಡಿಯುವ ಭೂತಗನ್ನಡಿಯಂಥ ಗಾಜು, ಪವರ್ +2. ಕ್ಯಾಮೆರಾ ಅಂಗಡಿಗಳಲ್ಲಿ +1, +2, +4, +10 ಸೇರಿಸಿ ಸೆಟ್ ಸಿಗುತ್ತೆ, 52 ಎಂಎಂ ಅಗಲದ್ದು ಸಾಕು. ಮೊದಲು ಪರೀಕ್ಷೆ ಮಾಡೋಕೆ ಕನ್ನಡಕದ ಅಂಗಡಿಯ +2 ಓದುವ ಗಾಜೂ ಆಗುತ್ತೆ, ಚಿತ್ರದ ಅಂಚು ಮಾತ್ರ ಸ್ವಲ್ಪ ಕರಗುತ್ತೆ. ಅದನ್ನ ಲೆನ್ಸ್ ಮುಂದೆ ಹಿಡಿದರೆ ಫೋಕಸ್ ಆಗುವ ದೂರ 33ರಿಂದ 50 ಸೆಂ.ಮೀ.ಗೆ ಇಳಿಯುತ್ತೆ, ಚೌಕಟ್ಟಿನ ಅಗಲ 9ರಿಂದ 14 ಸೆಂ.ಮೀ. ದಾಸವಾಳಕ್ಕೆ ಹೇಳಿ ಮಾಡಿಸಿದ ಅಳತೆ. 50 ಸೆಂ.ಮೀ.ಗಿಂತ ಹಿಂದೆ ಹೋದರೆ ಏನೂ ಫೋಕಸ್ ಆಗೋದಿಲ್ಲ, ಗಾಬರಿ ಬೇಡ.

ಫಿಲ್ಟರನ್ನ ಎಡಗೈಯಲ್ಲಿ ಹಿಡಿದುಕೊಳ್ಳಿ. ಹೊರಕ್ಕೆ ಚಾಚುವ ಕೊಳವೆಗೆ ಟೇಪಿನಿಂದ ಅಂಟಿಸಬೇಡಿ. ಕ್ಯಾಮೆರಾ ತಾನಾಗಿಯೇ ಆಫ್ ಆಗಿ ಕೊಳವೆ ಒಳಕ್ಕೆ ಎಳೆದುಕೊಳ್ಳುವಾಗ ಗಾಜು ಅಡ್ಡ ಬಂದು ಒಳಗಿನ ಪ್ಲಾಸ್ಟಿಕ್ ಹಲ್ಲು ಮುರಿಯುತ್ತೆ. ಮೆನುವಿನಲ್ಲಿ ಆಟೊ ಪವರ್ ಆಫ್ ಸಮಯವನ್ನೂ ಹೆಚ್ಚಿಸಿಕೊಳ್ಳಿ.

ಇಷ್ಟು ಹತ್ತಿರದಲ್ಲಿ ಸ್ಪಷ್ಟವಾಗಿ ಉಳಿಯುವ ಆಳ ಒಂದೂವರೆಯಿಂದ ಮೂರು ಸೆಂ.ಮೀ. ಮಾತ್ರ. ದಾಸವಾಳದ ಕೇಸರದ ದಂಡ ಅದಕ್ಕಿಂತ ಉದ್ದ ಮುಂದೆ ಚಾಚಿಕೊಂಡಿರುತ್ತೆ. ಎದುರಿಂದ ತೆಗೆದರೆ ದಂಡದ ತುದಿಯ ಕೆಂಪು ಗುಂಡುಗಳು ಸ್ಪಷ್ಟವಾದಾಗ ಎಸಳು ಹೋಗುತ್ತೆ, ಎಸಳು ಬಂದಾಗ ತುದಿ ಹೋಗುತ್ತೆ. ಪಕ್ಕಕ್ಕೆ ಬಂದು, ದಂಡ ಪೂರ್ತಿ ನಿಮ್ಮಿಂದ ಒಂದೇ ದೂರದಲ್ಲಿರುವ ಹಾಗೆ ಅಡ್ಡಲಾಗಿ ಹಿಡಿಯಿರಿ. ಗಾಳಿ ಏಳುವ ಮುಂಚೆ, ಬೆಳಿಗ್ಗೆ ಹೂ ಬಿರಿದ ಹೊತ್ತಿಗೆ ಹತ್ತು ತೆಗೆಯಿರಿ. ಅದರಲ್ಲಿ ಎರಡು ಸರಿ ಬಂದಿರುತ್ತವೆ.