ಅಪ್‌ಡೇಟ್: ಅಣ್ಣನನ್ನು ನೋಡಿ ಬಂದೆವು

ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿರುವ ಅಣ್ಣನ ಜೊತೆ ನಂಟು ಉಳಿಸಿಕೊಳ್ಳುವುದು ಹೇಗೆ ಅಂತ ಹಿಂದೆ ಇಲ್ಲಿ ಕೇಳಿದ್ದೆ. ನೀವು ಹೇಳಿದ ಹಾಗೆ ಇ-ಮುಲಾಖಾತ್‌ನಲ್ಲಿ (ಜೈಲು ಭೇಟಿಗೆ ಆನ್‌ಲೈನ್‌ನಲ್ಲಿ ಮೊದಲೇ ಹೆಸರು ಕೊಡುವ ವ್ಯವಸ್ಥೆ) ಹೆಸರು ನೋಂದಾಯಿಸಿ, ಆಧಾರ್ ಕಾರ್ಡ್ ಹಿಡಿದು ಅವ್ವನ ಜೊತೆ ಹೋದೆ. ಸಿಕ್ಕಿದ್ದು ಸ್ವಲ್ಪವೇ ಹೊತ್ತು. ಅವ್ವ ಕೇಸಿನ ಮಾತೇ ಎತ್ತಲಿಲ್ಲ. "ಹೊಟ್ಟಿ ತುಂಬ ಉಣ್ತಿ ಇಲ್ಲೋ? ನಿದ್ದಿ ಹತ್ತತೈತೇನು?" ಅಂತ ಕೇಳಿದಳು. ಅಣ್ಣ ಜಾಲರಿಗೆ ಬೆರಳು ಒತ್ತಿ ನಿಂತಿದ್ದ. ಈಚೆಯಿಂದ ಅವ್ವ ಅದೇ ಜಾಗಕ್ಕೆ ತನ್ನ ಬೆರಳಿಟ್ಟಳು.

ಇನ್‌ಲ್ಯಾಂಡ್ ಲೆಟರ್ ಬರೆಯಿರಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಜೈಲಿನವರು ಓದಿಯೇ ಕೊಡುತ್ತಾರೆ ಅಲ್ವಾ, ಹಾಗಾಗಿ ಎಮ್ಮೆ ಕರು ಹಾಕಿದ್ದು, ಅವನ ಮಗಳು ಅಂಗನವಾಡಿಗೆ ಹೊರಟಿದ್ದು, ಇಂಥವನ್ನೇ ಬರೆಯುತ್ತೇನೆ. ಇದುವರೆಗೆ ಬರೆದ ನಾಲ್ಕೂ ಪತ್ರ ಹಾಸಿಗೆ ಕೆಳಗೆ ಇಟ್ಟುಕೊಂಡಿದ್ದಾನಂತೆ. ಮುಂದಿನ ಸಲ ಮಗಳನ್ನೂ ಕರೆದುಕೊಂಡು ಹೋಗುತ್ತೇವೆ.