ಪದಚರ್ಚೆ: ಆಟದ ಮಾಂತ್ರಿಕನಿಗೆ ಕವಚವೋ, ರಕ್ಷೆಯೋ?

ಎಲ್ಲರಿಗೂ ನಮಸ್ಕಾರ.

ವಿಡಿಯೋ ಗೇಮ್ ಆಡುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇವೆ. ಉಡುಪಿ, ಮಣಿಪಾಲದ ಕಡೆಯ ಕೆಲವು ಹುಡುಗ ಹುಡುಗಿಯರು ಆಡಿ ನೋಡಿ ವಿವರ ಕೊಡುತ್ತಾರೆ. ಭಾಷೆ ನೋಡಿಕೊಳ್ಳುವ ಕೆಲಸ ನನ್ನದು. ಮಂತ್ರ ಬಳಸುವ ಪಾತ್ರಗಳ ಅಧ್ಯಾಯಕ್ಕೆ ಬಂದಾಗ ಒಂದು ಪದದ ಹತ್ತಿರ ಸಿಕ್ಕಿಕೊಂಡಿದ್ದೇವೆ. ಬಲ್ಲವರ ಅಭಿಪ್ರಾಯ ಬೇಕು.

ವಿಷಯ ಇಷ್ಟು. ಈ ಆಟಗಳಲ್ಲಿ ಮಾಂತ್ರಿಕನ ಮೈ ನಾಜೂಕು. ಎರಡು ಏಟು ಬಿದ್ದರೆ ಕಥೆ ಮುಗಿಯಿತು. ಹಾಗಾಗಿ ಅವನು ಕಬ್ಬಿಣವನ್ನೋ ಚರ್ಮವನ್ನೋ ತೊಡಬೇಕಾ, ಇಲ್ಲ ನಿಲುವಂಗಿಯಲ್ಲೇ ಇದ್ದು ಮಂತ್ರ ಹೇಳಿ ತನ್ನನ್ನು ಕಾಪಾಡಿಕೊಳ್ಳಬೇಕಾ ಎಂಬುದು ಆಟಗಾರರ ನಡುವೆ ಹಳೆಯ ಜಗಳ. ಇದನ್ನು ಕನ್ನಡದಲ್ಲಿ ಹೇಳಹೊರಟಾಗ ಎಲ್ಲರ ಕೈಯಲ್ಲೂ ಬಂದದ್ದು ‘ಮಾಂತ್ರಿಕ ರಕ್ಷಣೆ’ ಮತ್ತು ‘ಭೌತಿಕ ಕವಚ’. ಕೇಳಲು ಸರಿಯಾಗಿಯೇ ಇದೆ. ಆದರೆ ‘ಮಾಂತ್ರಿಕ ರಕ್ಷಣೆ’ ಎಂಬ ಒಂದೇ ಹೆಸರನ್ನು ಮೂರು ಬೇರೆ ಬೇರೆ ಸಂಗತಿಗಳಿಗೆ ಅಂಟಿಸಿದ್ದಾರೆ. ಮಂತ್ರ ಹೇಳಿ ಮೈಸುತ್ತ ಬರಿಸಿಕೊಳ್ಳುವ ಕಾಪು ಒಂದು. ಮಂತ್ರ ಹಾಕಿ ಗಟ್ಟಿ ಮಾಡಿದ ಲೋಹದ ಕವಚ ಇನ್ನೊಂದು. ಎದುರಾಳಿ ಎಸೆದ ಮಂತ್ರವನ್ನು ತಾಳಿಕೊಳ್ಳುವ ಶಕ್ತಿ ಮೂರನೆಯದು. ಆಟದಲ್ಲಿ ಇವು ಮೂರಕ್ಕೂ ಬೇರೆ ಬೇರೆ ಲೆಕ್ಕ, ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ.

ಕರಡಿನಲ್ಲಿದ್ದ ಒಂದು ಸಾಲು ನೋಡಿ: ‘ಈ ನಿಲುವಂಗಿ ತೊಟ್ಟರೆ ಮಂತ್ರದಿಂದ ರಕ್ಷಣೆ ಸಿಗುತ್ತದೆ.’ ಅಕ್ಕನ ಮಗ ಓದಿದವನೇ ಕೇಳಿದ: “ಮಾವ, ಮಂತ್ರ ನಮ್ಮನ್ನು ಕಾಯುದಾ, ಅಲ್ಲ ಮಂತ್ರ ನಮಗೆ ತಾಗದ ಹಾಗೆ ಕಾಯುದಾ?” ಸರಿಯಾದ ಪ್ರಶ್ನೆ. ಸಾಲಿನಲ್ಲಿ ಅದಕ್ಕೆ ಉತ್ತರ ಇಲ್ಲ.

ತೊಡಕು ಇರುವುದು ‘ಇಂದ’ದಲ್ಲಿ. ಕೊಡೆಯಿಂದ ರಕ್ಷಣೆ ಅಂದರೂ ಇಂದ, ಮಳೆಯಿಂದ ರಕ್ಷಣೆ ಅಂದರೂ ಇಂದ. ಕೊಡೆ ಕಾಯುತ್ತದೆ, ಮಳೆ ನೆನೆಸುತ್ತದೆ ಎಂದು ನಮಗೆ ಮೊದಲೇ ಗೊತ್ತಿರುವುದರಿಂದ ಅಲ್ಲಿ ಗೊಂದಲ ಆಗುವುದಿಲ್ಲ. ಮಂತ್ರ ಹಾಗಲ್ಲ. ಅದು ಕಾಯಲೂಬಹುದು, ಸುಡಲೂಬಹುದು. ಅರ್ಥ ಹೇಳಬೇಕಾದ ಪ್ರತ್ಯಯವೇ ಎರಡೂ ಕಡೆ ಒಂದಾದರೆ ಓದುಗ ಏನು ಮಾಡಬೇಕು?

ಶಾಲೆಯ ವ್ಯಾಕರಣದಲ್ಲಿ ತೃತೀಯೆಗೆ ‘ಇಂದ’, ಪಂಚಮಿಗೆ ‘ದೆಸೆಯಿಂದ’ ಎಂದು ಬಾಯಿಪಾಠ ಮಾಡಿದ್ದೇವೆ. 13ನೆಯ ಶತಮಾನದ ಕೇಶಿರಾಜನೂ ತೃತೀಯೆಗೆ ‘ಇಂ’, ಪಂಚಮಿಗೆ ‘ಅತ್ತಣಿಂ’ ಎಂದು ಬೇರೆ ಬೇರೆ ಕೊಟ್ಟಿದ್ದಾನೆ. ಆದರೆ ಆಡುವಾಗ ಯಾರೂ ಈ ವ್ಯತ್ಯಾಸ ಇಟ್ಟುಕೊಳ್ಳುವುದಿಲ್ಲ. ಕನ್ನಡಕ್ಕೆ ಪಂಚಮಿ ಎಂಬ ಬೇರೆ ವಿಭಕ್ತಿಯೇ ಇಲ್ಲ ಎಂದು ವಾದಿಸಿದ ವಿದ್ವಾಂಸರೂ ಇದ್ದಾರೆ. ‘ಮಂತ್ರದ ದೆಸೆಯಿಂದ ರಕ್ಷಣೆ’ ಎಂದು ಬರೆದರೂ ಕೆಲಸ ಆಗುವುದಿಲ್ಲ. ‘ನಿನ್ನ ದೆಸೆಯಿಂದ ಹೀಗಾಯ್ತು’ ಅನ್ನುತ್ತೇವೆ ಅಲ್ವಾ? ಈಗ ಆ ಮಾತಿಗೆ ‘ಕಾರಣದಿಂದ’ ಎಂಬ ಅರ್ಥವೇ ಗಟ್ಟಿ. ತಿರುಗಿ ಅಲ್ಲಿಗೇ ಬಂದ ಹಾಗಾಯಿತು.

ಇದು ಸುಮ್ನೆ ಕೂದಲು ಸೀಳುವ ಚರ್ಚೆ ಅಲ್ಲ. ಆಟದ ನಿಯಮವೇ ಈ ವ್ಯತ್ಯಾಸದ ಮೇಲೆ ನಿಂತಿದೆ. 2023ರಲ್ಲಿ ಬಂದ ಬಾಲ್ಡರ್ಸ್ ಗೇಟ್ 3 ತೆಗೆದುಕೊಳ್ಳಿ. ಮೇಜಿನ ಸುತ್ತ ಕೂತು ದಾಳ ಎಸೆದು ಆಡುವ ಡಂಜನ್ಸ್ ಆ್ಯಂಡ್ ಡ್ರಾಗನ್ಸ್ ಎಂಬ ಆಟದ ಐದನೆಯ ಆವೃತ್ತಿಯ ನಿಯಮಗಳನ್ನು ಆಧರಿಸಿದ ಆಟ ಅದು. ಪ್ರತಿ ಪಾತ್ರಕ್ಕೂ ‘ಆರ್ಮರ್ ಕ್ಲಾಸ್’ ಎಂಬ ಅಂಕೆ ಉಂಟು. ಶತ್ರು 20 ಮುಖದ ದಾಳ ಎಸೆದು, ತನ್ನ ಬಲ ಕೂಡಿಸಿ, ಆ ಅಂಕೆ ಮುಟ್ಟಿದರೆ ಮಾತ್ರ ಪೆಟ್ಟು ತಾಗುತ್ತದೆ. ಬರೀ ನಿಲುವಂಗಿಯಲ್ಲಿದ್ದವನಿಗೆ 10, ಅದರ ಮೇಲೆ ಚುರುಕುತನದ ಬಾಬ್ತು, ಅಂದರೆ ಪಾತ್ರದ ಚುರುಕುತನಕ್ಕೆ ತಕ್ಕಂತೆ ಸಿಗುವ ಹೆಚ್ಚುವರಿ ಅಂಕ. ಚುರುಕುತನ 16 ಇದ್ದರೆ ಬಾಬ್ತು 3, ಒಟ್ಟು 13. ಸಾದಾ ಚರ್ಮದ ಕವಚ ತೊಟ್ಟರೆ 11 ಮತ್ತು 3, ಅಂದರೆ 14. ‘ಮೇಜ್ ಆರ್ಮರ್’ (ಮೇಜ್ ಎಂದರೆ ಮಾಂತ್ರಿಕ, ಆರ್ಮರ್ ಎಂದರೆ ಕವಚ) ಎಂಬ ಮೊದಲ ಹಂತದ ಮಂತ್ರ ಹೇಳಿಕೊಂಡರೆ 13 ಮತ್ತು 3, ಅಂದರೆ 16. ಉಕ್ಕಿನ ಪೂರ್ತಿ ಕವಚಕ್ಕೆ 18, ಅಲ್ಲಿ ಚುರುಕುತನ ಲೆಕ್ಕಕ್ಕಿಲ್ಲ.

18 ದೊಡ್ಡದು ಎಂದು ಉಕ್ಕು ತೊಡಿಸಿದರೆ ಕೆಟ್ಟಿತು. ಅಂಥ ಕವಚದ ತರಬೇತಿ ಇಲ್ಲದ ಮಾಂತ್ರಿಕ ಅದನ್ನು ತೊಟ್ಟಿರುವಷ್ಟು ಹೊತ್ತು ಒಂದು ಮಂತ್ರವನ್ನೂ ಹೇಳಲಾರ. ಮಂತ್ರದ ಕಾಪಾದರೋ ಒಮ್ಮೆ ಹೇಳಿಕೊಂಡರೆ ದೀರ್ಘ ವಿಶ್ರಾಂತಿ ತೆಗೆದುಕೊಳ್ಳುವವರೆಗೂ ಇರುತ್ತದೆ. ಗುರಾಣಿ ಹಿಡಿಯಲು ಅದರ ಅಡ್ಡಿಯಿಲ್ಲ. ಈ ಆಟದಲ್ಲಿ ಮನುಷ್ಯ ಕುಲದವರಿಗೆ ಹುಟ್ಟಿನಿಂದಲೇ ಗುರಾಣಿಯ ತರಬೇತಿ ಇದೆ. ಅವರಿಗೆ ಇನ್ನೂ 2 ಸೇರಿ, ಉಕ್ಕು ತೊಟ್ಟವನ 18ನ್ನೇ ಮುಟ್ಟಬಹುದು. ಮಂತ್ರ ಹೇಳುವ ಬಾಯಿ ಕಟ್ಟುವುದೂ ಇಲ್ಲ. ನನ್ನನ್ನು ಕೇಳಿದರೆ ಇಲ್ಲಿ ಮಂತ್ರದ ಕಾಪೇ ಸರಿ. ತರಬೇತಿ ಇದ್ದವರ ಮಾತು ಬೇರೆ.

ಈಗ ಇದೇ ಮಂತ್ರದ ನಿಯಮವನ್ನು ಕನ್ನಡದಲ್ಲಿ ಬರೆಯಿರಿ. ಮೈಮೇಲೆ ಕವಚ ಇದ್ದವನಿಗೆ ಈ ಮಂತ್ರ ಹತ್ತುವುದಿಲ್ಲ, ಆಮೇಲೆ ಕವಚ ತೊಟ್ಟರೂ ಅದು ಹೋಗುತ್ತದೆ. ಮೇಜ್ ಆರ್ಮರ್‌ಗೆ ‘ಮಾಂತ್ರಿಕ ಕವಚ’ ಎಂದಿಟ್ಟರೆ, ಮಂತ್ರ ಹಾಕಿದ ಲೋಹದ ಕವಚವೂ ಮಾಂತ್ರಿಕ ಕವಚವೇ ಆದ್ದರಿಂದ ಸಾಲು ಹೀಗಾಗುತ್ತದೆ: ‘ಮಾಂತ್ರಿಕ ಕವಚ ತೊಟ್ಟಿದ್ದರೆ ಮಾಂತ್ರಿಕ ಕವಚ ಕೆಲಸ ಮಾಡದು.’ ಇದನ್ನು ಓದಿ ಹೊಸಬರು ಆಡುವುದು ಹೇಗೆ?

2011ರ ಸ್ಕೈರಿಮ್ ಎಂಬ ಆಟದಲ್ಲಿ ಲೆಕ್ಕ ಬೇರೆ. ಅಲ್ಲಿ ಕವಚ ತೊಟ್ಟರೂ ಮಂತ್ರ ಹೇಳಬಹುದು. ಹಾಗಾಗಿ ಆಯ್ಕೆ ನಿಜಕ್ಕೂ ಕಷ್ಟ. ಮೈಯನ್ನು ಮರದ ಹಾಗೆ, ಕಲ್ಲಿನ ಹಾಗೆ, ಕಬ್ಬಿಣದ ಹಾಗೆ ಗಟ್ಟಿ ಮಾಡುವ ಮಂತ್ರಗಳಿವೆ. ಅವುಗಳಲ್ಲಿ ಓಕ್‌ಫ್ಲೆಶ್ ಎಂಬುದಕ್ಕೆ 40, ಎಬೊನಿಫ್ಲೆಶ್ ಎಂಬುದಕ್ಕೆ 100 ಕವಚದ ಅಂಕ, ಬಾಳಿಕೆ 60 ಸೆಕೆಂಡು. ಕವಚ ತೊಡದೆ ಬರೀ ನಿಲುವಂಗಿಯಲ್ಲಿರುವವರು ಒಂದು ವಿಶೇಷ ಕೌಶಲ ಪಡೆದರೆ ಈ ಅಂಕ ಮೂರು ಪಟ್ಟಿನವರೆಗೂ ಏರುತ್ತದೆ. 100 ಇದ್ದದ್ದು 300 ಆಯಿತು ಅನ್ನಿ. ಒಂದು ಅಂಕಕ್ಕೆ ಪೆಟ್ಟು ಶೇ. 0.12 ಇಳಿಯುವ ಲೆಕ್ಕದಲ್ಲಿ 300ಕ್ಕೆ ಇಳಿಯುವುದು ಶೇ. 36. ಒಳ್ಳೆಯ ಲೋಹದ ಕವಚವನ್ನು ತಿದ್ದಿ ತೀಡಿದರೆ ಆಟ ಬಿಡುವ ಗರಿಷ್ಠ ಮಿತಿ ಶೇ. 80ರವರೆಗೂ ಹೋಗಬಹುದು, ಅದೂ ನಿಮಿಷ ನಿಮಿಷಕ್ಕೆ ಮಂತ್ರ ಹೇಳುವ ಕಷ್ಟ ಇಲ್ಲದೆ. ಆದರೆ ನಿಲುವಂಗಿ ಮಂತ್ರಶಕ್ತಿಯನ್ನು ಬೇಗ ತುಂಬಿಸುತ್ತದೆ, ಆ ಲಾಭ ಕವಚದಲ್ಲಿ ಸುಲಭಕ್ಕೆ ಇಲ್ಲ.

ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದು. ಸ್ಕೈರಿಮ್‌ನಲ್ಲಿ ಈ ಎರಡೂ ತಡೆಯುವುದು ಆಯುಧದ ಪೆಟ್ಟನ್ನು ಮಾತ್ರ. ಬೆಂಕಿ, ಹಿಮ, ಮಿಂಚಿನ ಮಂತ್ರಕ್ಕೆ ಕಬ್ಬಿಣವೂ ಅಡ್ಡ ಬರುವುದಿಲ್ಲ, ಕಬ್ಬಿಣದಂತಾದ ಮೈಯೂ ಅಡ್ಡ ಬರುವುದಿಲ್ಲ. ಅದಕ್ಕೆ ಬೇಕಾದದ್ದು ಮೂರನೆಯ ಶಕ್ತಿ, ಮಂತ್ರವನ್ನು ತಾಳಿಕೊಳ್ಳುವುದು. ‘ಮಾಂತ್ರಿಕ ರಕ್ಷಣೆ ಜಾಸ್ತಿ ಮಾಡಿಕೊಳ್ಳಿ’ ಎಂಬ ನಮ್ಮ ಸಲಹೆ ಓದಿದವರು ಎಬೊನಿಫ್ಲೆಶ್ ಹೇಳಿಕೊಂಡು ಬೆಂಕಿ ಉಗುಳುವ ಡ್ರಾಗನ್ ಎದುರು ನಿಂತರೆ ಸುಟ್ಟು ಹೋಗುತ್ತಾರೆ. ತಪ್ಪು ಅವರದಲ್ಲ. ಲೀಗ್ ಆಫ್ ಲೆಜೆಂಡ್ಸ್ ಎಂಬ ಇನ್ನೊಂದು ಆಟ ಆಡುವವರಿಗೆ ಈ ಗೊಂದಲ ಕಡಿಮೆ. ಅಲ್ಲಿ ಆರ್ಮರ್ 100 ಇದ್ದರೆ ಆಯುಧದ ಪೆಟ್ಟು ಅರ್ಧ, ಎಂಆರ್ (ಮ್ಯಾಜಿಕ್ ರೆಸಿಸ್ಟ್, ಮಂತ್ರ ತಾಳಿಕೊಳ್ಳುವ ಶಕ್ತಿ) 100 ಇದ್ದರೆ ಮಂತ್ರದ ಪೆಟ್ಟು ಅರ್ಧ, ಅಷ್ಟೇ.

ನಮ್ಮ ಕಥೆಗಳು ಈ ಜಗಳವನ್ನು ಹೇಗೆ ಹೇಳಿವೆ ಎಂದೂ ಹುಡುಕಿದೆ. ಜಯದ್ರಥ ವಧೆಯ ದಿನ, ಯುದ್ಧದ 14ನೆಯ ದಿನ, ದ್ರೋಣ ದುರ್ಯೋಧನನಿಗೆ ಕವಚ ಕಟ್ಟುವ ಸಂದರ್ಭ ಇದೆ. ಆಚಮನ ಮಾಡಿ, ಮಂತ್ರ ಜಪಿಸಿ, ಹೊಳೆಯುವ ಚಿನ್ನದ ಕವಚ ಕಟ್ಟುತ್ತಾನೆ. ಅರ್ಜುನನ ಬಾಣಗಳು ತಾಗಿ ತಾಗಿ ಕೆಳಗೆ ಬೀಳುತ್ತವೆ. ಕೃಷ್ಣನಿಗೇ ಆಶ್ಚರ್ಯ. ಇದು ದ್ರೋಣರು ಕಟ್ಟಿದ ಕವಚ ಎಂದು ಅರ್ಜುನನಿಗೆ ಗೊತ್ತಾಗುತ್ತದೆ. ಆಮೇಲೆ ಅವನು ಕುದುರೆ, ಸಾರಥಿ, ಬಿಲ್ಲು ಎಲ್ಲ ಕಡಿದು, ಕವಚ ಮುಚ್ಚದ ಅಂಗೈಗೆ ಹೊಡೆಯುತ್ತಾನೆ. ಇಲ್ಲಿ ಲೋಹವೂ ಉಂಟು, ಮಂತ್ರವೂ ಉಂಟು, ಹೆಸರು ಮಾತ್ರ ಒಂದೇ, ಕವಚ. ಇನ್ನೊಂದು ತುದಿಯಲ್ಲಿ ಭಾಗವತದ ನಾರಾಯಣ ಕವಚ. ಅಲ್ಲಿ ಲೋಹವೇ ಇಲ್ಲ, ಇಂದ್ರನಿಗೆ ವಿಶ್ವರೂಪ ಹೇಳಿಕೊಟ್ಟ ಮಂತ್ರವೇ ಕವಚ. ಉಡುಪಿಯ ಕೃಷ್ಣನಿಗೆ ತೊಡಿಸುವ ವಜ್ರಕವಚ ಅಲಂಕಾರ. ಒಂದು ಪದ ಇಷ್ಟು ಕಡೆ ದುಡಿಯುತ್ತಿರುವಾಗ ಆಟದ ಎರಡೂ ವಸ್ತುಗಳನ್ನು ಅದರ ಮೇಲೆಯೇ ಹೊರಿಸುವುದು ಸರಿಯಲ್ಲ ಎಂದು ನನಗೆ ಕಾಣುತ್ತದೆ.

ಆದರೆ ಆ ಕಥೆಯಲ್ಲಿ ಒಂದು ಕ್ರಿಯಾಪದ ಸಿಕ್ಕಿತು: ಕಟ್ಟು. ನಮ್ಮೂರಲ್ಲಿ ಮಗುವಿಗೆ ರಕ್ಷೆ ಕಟ್ಟುತ್ತಾರೆ, ಮಂತ್ರಿಸಿದ ನೂಲು ಕಟ್ಟುತ್ತಾರೆ. ಅಂಗಿಯನ್ನೂ ಕವಚವನ್ನೂ ತೊಡುತ್ತಾರೆ, ಕಳಚುತ್ತಾರೆ. ರಕ್ಷೆ ತೊಟ್ಟೆ ಎಂದು ಯಾರೂ ಹೇಳುವುದಿಲ್ಲ. ಅಂದರೆ ಕನ್ನಡ ಈ ವ್ಯತ್ಯಾಸವನ್ನು ಮೊದಲೇ ಮಾಡಿಟ್ಟಿದೆ. ‘ರಕ್ಷಣೆ’ ಎಂದಾಗ ಪೊಲೀಸರೂ ಇಲಾಖೆಯೂ ಕಣ್ಣ ಮುಂದೆ ಬರುತ್ತದೆ. ‘ರಕ್ಷೆ’ ಎಂದಾಗ ಮಂತ್ರದ ಬಲ ಆ ಪದದ ಒಳಗೇ ಇದೆ.

ಹಾಗಾಗಿ ನನ್ನ ಸಲಹೆ ಹೀಗಿದೆ. ಮೈಗೆ ತೊಡುವುದು ಬರೀ ‘ಕವಚ’. ಬೇಕಾದರೆ ಚರ್ಮದ ಕವಚ, ಉಕ್ಕಿನ ಕವಚ. ‘ಭೌತಿಕ’ ಬೇಡ, ಅದು ಪಾಠಪುಸ್ತಕದ ವಾಸನೆ ಹೊಡೆಯುತ್ತದೆ. ಮಂತ್ರ ಹೇಳಿ ಪಡೆಯುವುದು ಬರೀ ‘ರಕ್ಷೆ’. ಅದಕ್ಕೆ ಮುಂದೆ ಮಂತ್ರ ಎಂದು ಸೇರಿಸಬೇಡಿ. ಗೋರಕ್ಷೆ ಎಂದರೆ ಗೋವನ್ನು ಕಾಯುವುದು ತಾನೇ, ಮಂತ್ರರಕ್ಷೆ ಎಂದರೆ ಮಂತ್ರವನ್ನೇ ಕಾಯುವುದು ಎಂದಾದೀತು. ಮಂತ್ರ ಹಾಕಿದ ಲೋಹಕ್ಕೆ ‘ಮಂತ್ರಿಸಿದ ಕವಚ’, ಮಂತ್ರಿಸಿದ ನೂಲಿನ ಹಾಗೆಯೇ. ಎದುರಾಳಿಯ ಮಂತ್ರ ತಾಗದಂತೆ ಮಾಡುವುದಕ್ಕೆ ‘ಮಂತ್ರತಡೆ’. ತಡೆ ಎಂಬುದು ಹಿಂದಿನ ಪದವನ್ನು ಕರ್ಮವಾಗಿ ಹಿಡಿಯುತ್ತದೆ. ಭ್ರಷ್ಟಾಚಾರ ತಡೆ ಎಂದರೆ ಭ್ರಷ್ಟಾಚಾರವನ್ನು ತಡೆಯುವುದು, ಬೇರೆ ಅರ್ಥಕ್ಕೆ ಜಾಗವಿಲ್ಲ. ಮೇಲೆ ಹೇಳಿದ ಮೇಜ್ ಆರ್ಮರ್‌ನ ನಿಯಮ ಈಗ ಹೀಗೆ ಕೂರುತ್ತದೆ: ‘ಕವಚ ತೊಟ್ಟವರಿಗೆ ಈ ರಕ್ಷೆ ಹತ್ತದು. ರಕ್ಷೆ ಇರುವಾಗ ಕವಚ ತೊಟ್ಟರೆ ರಕ್ಷೆ ಹೋಗುತ್ತದೆ.’ ಅಕ್ಕನ ಮಗನಿಗೆ ಇದನ್ನು ತೋರಿಸಿದೆ, ಮತ್ತೆ ಪ್ರಶ್ನೆ ಬರಲಿಲ್ಲ.

ಕವಚಕ್ಕೆ ಕುಮಾರವ್ಯಾಸನ ಕಾಲದ ‘ಜೋಡು’ ತರೋಣ ಎಂದು ಗುಂಪಿನಲ್ಲಿ ಒಬ್ಬರು ಹೇಳಿದರು. ಒಳ್ಳೆಯ ಪದವೇ. ಆದರೆ ಇಲ್ಲಿ ಜೋಡು ಎಂದರೆ ಎರಡರ ಜೊತೆ, ಉತ್ತರ ಕರ್ನಾಟಕದಲ್ಲಿ ಚಪ್ಪಲಿ. ಕೈಬಿಟ್ಟೆವು. ಭುಜದ ತುಂಡಿಗೆ ಮಾತ್ರ ಯಕ್ಷಗಾನದ ‘ಭುಜಕೀರ್ತಿ’ಯನ್ನು ಎಲ್ಲರೂ ಒಂದೇ ಬಾಯಲ್ಲಿ ಒಪ್ಪಿದರು. ವೇಷದಲ್ಲಿ ಅದು ಆಭರಣ, ಹೌದು. ಆದರೆ ಆಟದ ಚಿತ್ರ ನೋಡಿದರೆ ಕರಾವಳಿಯ ಯಾರ ಬಾಯಿಗೂ ಬೇರೆ ಹೆಸರು ಬರುವುದಿಲ್ಲ.

ಉಳಿದ ಎರಡು ಪ್ರಶ್ನೆಗಳಿಗೆ ನಿಮ್ಮ ಸಹಾಯ ಬೇಕು.

ಒಂದು, ಮೇಜ್ ಎಂಬ ಪಾತ್ರದ ಹೆಸರು. ಹಾಗೆಯೇ ಕನ್ನಡದಲ್ಲಿ ಬರೆದರೆ ‘ಮೇಜಿಗೆ ಕವಚ ಬೇಕೇ’ ಎಂಬ ಶೀರ್ಷಿಕೆ ಪೀಠೋಪಕರಣದ ಅಂಗಡಿಗೆ ಹೋಗುತ್ತದೆ. ‘ಮಂತ್ರವಾದಿ’ ಎಂದರೆ ನಮ್ಮ ಕಡೆ ಭೂತಪ್ರೇತದ ಉಪದ್ರ ಬಿಡಿಸಲು ಕರೆಸುವ ವ್ಯಕ್ತಿ. ‘ಮಾಟಗಾರ’ ಕೆಟ್ಟವನು. ಈಗ ‘ಮಾಂತ್ರಿಕ’ ಇಟ್ಟಿದ್ದೇನೆ. ಆದರೆ ಪುಸ್ತಕ ಓದಿ ಕಲಿತವನು, ಹುಟ್ಟಿನಿಂದ ಶಕ್ತಿ ಬಂದವನು, ಯಾವುದೋ ಶಕ್ತಿಯ ಜೊತೆ ಒಪ್ಪಂದ ಮಾಡಿಕೊಂಡವನು ಎಂದು ಬಾಲ್ಡರ್ಸ್ ಗೇಟ್‌ನಲ್ಲಿ ಮೂರು ಬೇರೆ ಬೇರೆ ವರ್ಗ ಇವೆ. ಮೂರಕ್ಕೂ ಹೊಂದುವ ಪದ ಯಾರಿಗಾದರೂ ಹೊಳೆಯುತ್ತದೆಯೇ?

ಎರಡು, ‘ದಿಗ್ಬಂಧನ’. ಸ್ಕೈರಿಮ್‌ನಲ್ಲಿ ಅಂಗೈ ಮುಂದೆ ಹಿಡಿದು ಎದುರಿನ ಮಂತ್ರವನ್ನು ತಡೆಯುವ ‘ವಾರ್ಡ್’ಗೆ ಒಬ್ಬರು ಈ ಪದ ಕೊಟ್ಟಿದ್ದಾರೆ. ನನಗೆ ಒಪ್ಪಿಗೆ ಇಲ್ಲ. ದಿಗ್ಬಂಧನ ಎಲ್ಲ ದಿಕ್ಕನ್ನೂ ಕಟ್ಟುತ್ತದೆ, ಇದು ಎದುರಿನ ಒಂದು ದಿಕ್ಕನ್ನು ಮಾತ್ರ. ಅದಕ್ಕೆ ‘ಮಂತ್ರದ ಗುರಾಣಿ’ ಸಾಕು. ಸುತ್ತಲೂ ಗೋಳ ಎದ್ದು, ಒಳಗೆ ನಿಂತವರಿಗೆ ಯಾವ ಹಾನಿಯೂ ತಟ್ಟದಂತೆ ಮಾಡುವ ಮಂತ್ರ ಬಾಲ್ಡರ್ಸ್ ಗೇಟ್ 3ರಲ್ಲಿ ಇದೆಯಲ್ಲ, ದಿಗ್ಬಂಧನವನ್ನು ಅದಕ್ಕೆ ಉಳಿಸಿಕೊಳ್ಳಬೇಕು ಎಂದು ನನ್ನ ಆಸೆ. ಈ ಪದವನ್ನು ಪೂಜೆಯಲ್ಲೋ ಪ್ರಸಂಗದಲ್ಲೋ ಬೇರೆ ರೀತಿ ಬಳಸುವುದನ್ನು ಕೇಳಿದವರಿದ್ದರೆ, ಯಾವ ಊರಿನ ಬಳಕೆ ಎಂಬುದನ್ನೂ ಸೇರಿಸಿ ಬರೆಯಿರಿ. ಕುಂದಾಪುರ ಮತ್ತು ಕಾಸರಗೋಡಿನ ಕಡೆಯವರು ಮುಖ್ಯವಾಗಿ ಹೇಳಬೇಕು. ಅಲ್ಲಿಯವರು ನಮ್ಮ ಗುಂಪಿನಲ್ಲಿ ಯಾರೂ ಇಲ್ಲ.